ಮುಗಿಯದ ಬಾಳೆಹಣ್ಣು

ನಿಜಾಮರ ಆಳ್ವಿಕೆಯ ಆ ಕಾಲಕ್ಕೆ ನಮ್ಮ ಕಮಲಾಪುರದಲ್ಲಿ ಹೆಣ್ಣುಮಕ್ಕಳನ್ನು ಓದಿಸುವುದೆಂದರೆ ದೊಡ್ಡ ಮಾತು. ಕಲಬುರಗಿಯಲ್ಲಿ ಮಾಸ್ತರರಾಗಿದ್ದ ಸೋದರಮಾವ ಒಂದು ಬೇಸಿಗೆಯಲ್ಲಿ ಬಂದು, ನಮ್ಮಿಬ್ಬರಲ್ಲಿ ಒಬ್ಬಳನ್ನು ಕರೆದೊಯ್ದು ಶಾಲೆಗೆ ಹಾಕುತ್ತೇನೆಂದರು. ಇಬ್ಬರೆಂದರೆ ನಾನು ಮತ್ತು ಅಕ್ಕ ನೀಲವ್ವ. ಹೋಗುವವಳು ನಾನೇ ಎಂದುಕೊಂಡು ಲಂಗ ಮಡಚಿಟ್ಟುಕೊಂಡಿದ್ದೆ.

ಹುಲ್ಲು ಹೊದಿಸಿ ಮಾಗಿಸಿದ ಕೆಂಪು ಬಾಳೆಯ ವಾಸನೆ ಪಡಸಾಲೆಯ ತುಂಬ ಇತ್ತು. ಮಾವ ಇಬ್ಬರಿಗೂ ಒಂದೊಂದು ಹಣ್ಣು ಕೊಟ್ಟು ಕೇಳಿದರು:

"ದಿನಾ ಇದ್ದದ್ದರಾಗ ಅರ್ಧಾನೇ ತಿನ್ನಬೇಕು. ಹಣ್ಣು ಯಾವಾಗ ಮುಗೀತದ, ಹೇಳ್ರಿ?"

ನಾನು ಸುಲಿದು ಗಬಗಬನೆ ತಿಂದು, "ಮುಗೀತ ನೋಡ್ರಿ ಮಾವಾ!" ಎಂದೆ. ಎಲ್ಲರೂ ನಕ್ಕರು. ಅಕ್ಕ ಹಣ್ಣು ತಿರುಗಿಸಿ ನೋಡುತ್ತ, "ಅರ್ಧ ತಿಂದ್ರ ಅರ್ಧ ಉಳೀತದಲ್ರೀ. ಎಂದೂ ಮುಗಿಯಂಗಿಲ್ಲ" ಎಂದಳು.

ಮಾವನ ಮುಖ ಅರಳಿತು. "ದಾರೀನೂ ಹಂಗೇ ಅದವ್ವ. ಅರ್ಧ ಹೋಗಬೇಕು, ಉಳಿದದ್ದರಾಗ ಮತ್ತ ಅರ್ಧ. ಈ ಲೆಕ್ಕ ಹಿಡಿದ್ರ ಯಾರೂ ಎಲ್ಲಿಗೂ ಮುಟ್ಟಂಗಿಲ್ಲ" ಎನ್ನುತ್ತ ಅವಳ ತಲೆ ಸವರಿದರು. ನನ್ನ ತಲೆಯೂ ಪಕ್ಕದಲ್ಲೇ ಇತ್ತು. ಹೊಟ್ಟೆ ಧಗಧಗ ಉರಿಯಿತು.

ಮರುದಿನ ನಸುಕಿನಲ್ಲಿ ಮಾವನನ್ನೂ ಅಕ್ಕನನ್ನೂ ಕೂರಿಸಿಕೊಂಡು ಬಂಡಿ ಹೊರಟಿತು. ಅಕ್ಕ ಅಳುತ್ತ ಕೈ ಚಾಚಿದಳು. ನಾನು ಕೈ ಕೊಡಲಿಲ್ಲ. ಮಾವನ ಲೆಕ್ಕವನ್ನು ಖರೆ ಎಂದೇ ನಂಬಿದ್ದೆ. ಬಂಡಿ ಕಲಬುರಗಿ ಮುಟ್ಟುವುದೇ ಇಲ್ಲ, ಸೋತು ತಿರುಗಿ ಬರುತ್ತದೆ, ಆಗ ನಗುವ ಸರದಿ ನನ್ನದು. ಊಟಕ್ಕೆ ಕರೆದರೂ ಏಳದೆ ಕಟ್ಟೆಯ ಮೇಲೆ ಕೂತೆ.

ಮಾರನೆಯ ಸಂಜೆ ಬಂಡಿ ಬಂತು, ಖಾಲಿ. ಬಂಡಿ ಹೊಡೆಯುವ ಹುಸೇನ್ ಕಾಕಾ ಎತ್ತು ಬಿಚ್ಚುತ್ತಿದ್ದ.

"ಕಲಬುರಗಿ ಮುಟ್ಟಿದ್ರೇನು ಕಾಕಾ?"

"ಮುಟ್ಟದೇ ಏನವ್ವ? ಸಂಜಿ ನಮಾಜಿಗಿಂತ ಮೊದಲೇ ಮುಟ್ಟಿದ್ವಿ."

ಒಳಗೋಡಿ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತೆ. "ಅಕ್ಕನ ನೆನಪ ಆತೇನು, ನನ ಮಗಳ?" ಎಂದಳು ಅವ್ವ. ಹೂಂ ಎಂದೆ, ಸುಳ್ಳೇ.

ಅಕ್ಕ ರಜೆಗೆ ಬರುತ್ತಿದ್ದಳು, ಆದರೆ ಬೀಗರ ಹಾಗೆ. ಹೊದೆಯುವ ಒಂದೇ ಕೌದಿಗೆ ನನ್ನೊಡನೆ ಜಗ್ಗಾಡುತ್ತಿದ್ದ ನೀಲವ್ವ ಮತ್ತೆ ಬರಲಿಲ್ಲ. ಅವಳು ಹೆಣ್ಣುಮಕ್ಕಳಿಗೆ ಕಲಿಸುವ ಅಕ್ಕೋರಾದಳು, ಕಲಬುರಗಿಯಲ್ಲೇ ಉಳಿದಳು. ಈಚೆಗೆ ತೀರಿಕೊಂಡಾಗ ಮಣ್ಣು ಕೊಡಲು ಹೋಗಿದ್ದೆ. ಅವಳ ಕೈಯಲ್ಲಿ ಕಲಿತ ಹೆಂಗಸರು ಅಂಗಳ ತುಂಬ ನಿಂತು, ಅಕ್ಕೋರು ಹಾಗೆ ನಗುತ್ತಿದ್ದರು, ಹೀಗೆ ಗದರುತ್ತಿದ್ದರು ಎಂದು ಹೇಳಿಕೊಂಡು ಅಳುತ್ತಿದ್ದರು. ನನಗೆ ಅದೊಂದೂ ಗೊತ್ತಿರಲಿಲ್ಲ. ಅಲ್ಲೂ ನನಗೆ ಹೊಟ್ಟೆಕಿಚ್ಚೇ ಬಂತು, ಈ ಸಲ ಅವರ ಮೇಲೆ.