ಪರೀಕ್ಷೆಗೆ ಬಾರದ ಅಧ್ಯಾಯ

ನಾನು ಓದಿದವನು ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನೇ. ಪದವಿಪತ್ರಕ್ಕೆ ಕಟ್ಟು ಹಾಕಿಸಿ, ಇಂಗ್ಲೆಂಡಿನ ಸೊಲಿಹಲ್ಲಿನ ನಮ್ಮ ಮನೆಯಲ್ಲಿ ಪೋಸ್ಟ್‌ಮ್ಯಾನಿಗೂ ಕಾಣುವ ಗೋಡೆಗೆ ತೂಗುಹಾಕಿದ್ದೇನೆ. ಆದರೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ಒಂದು ಪುಸ್ತಕವನ್ನೂ ನಾನು ಪೂರ್ತಿ ಓದಿದವನಲ್ಲ.

ದಾವಣಗೆರೆಯಲ್ಲಿ ನಾನು ಎಂಜಿನಿಯರಿಂಗ್ ಓದಿದ್ದು ಸೀನಿಯರ್‌ಗಳ ಹಳೆಯ ಪುಸ್ತಕಗಳಲ್ಲಿ. ಕೆಲವು ಅಧ್ಯಾಯಗಳ ತಲೆಯ ಮೇಲೆ ಯಾರೋ ಪುಣ್ಯಾತ್ಮರು ಪೆನ್ಸಿಲ್ಲಿನಲ್ಲಿ ‘ಬರಲ್ಲ’ ಎಂದು ಬರೆದಿರುತ್ತಿದ್ದರು. ಪರೀಕ್ಷೆಗೆ ಬರುವುದಿಲ್ಲ ಎಂದರ್ಥ. ಬೆಳಿಗ್ಗೆ ಅಪ್ಪನ ಜೊತೆ ಇಸ್ತ್ರಿ ಪೆಟ್ಟಿಗೆ ಹಿಡಿದು, ಆಮೇಲೆ ಕ್ಲಾಸಿಗೆ ಓಡುತ್ತಿದ್ದವನಿಗೆ ಅದು ವೇದವಾಕ್ಯ. ಆ ಹಾಳೆಗಳನ್ನು ಒಟ್ಟಿಗೆ ಮಗುಚಿಹಾಕುತ್ತಿದ್ದೆ.

ಈ ಜನವರಿಯಲ್ಲಿ ಮಗಳು ಮಾನಸಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಕಳಿಸಬೇಕಿತ್ತು. ಥಿಯಾಲಜಿ, ಅಂದರೆ ದೇವರು-ಧರ್ಮದ ಶಾಸ್ತ್ರ, ಓದುತ್ತೇನೆ ಎಂದಳು. ಅದರಲ್ಲೂ ಬೈಬಲ್ಲಿನಲ್ಲಿ ಇಲ್ಲದ್ದನ್ನು! ಹಳೆಯ ಯಹೂದಿಗಳು, ಮೊದಮೊದಲ ಕ್ರೈಸ್ತರು ಬರೆದಿಟ್ಟು, ಹಿರಿಯರು ಪವಿತ್ರಗ್ರಂಥದಿಂದ ಹೊರಗಿಟ್ಟ ಬರಹಗಳಂತೆ. ಒಳಗಿರುವುದನ್ನಾದರೂ ಓದುತ್ತೇನೆಂದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ.

“ಓದಿ ಏನಾಗ್ತಾಳ್ರೀ, ಪಾದ್ರಿನಾ?” ಎಂದು ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಡಾಕ್ಟರ್ ಮಿತ್ರರೊಬ್ಬರು ಹೋಳಿಗೆ ಮುರಿಯುತ್ತ ಕೇಳಿದರು. ಅಲ್ಲಿ ನಕ್ಕೆ. ಮನೆಗೆ ಬರುವಾಗ ಕಾರಿನಲ್ಲಿ ಮಗಳ ಮುಂದೆ ನಗಲಿಲ್ಲ.

“ಲಾ ಕೋರ್ಸಿಗೆ ಹಾಕು. ಇದನ್ನ ಬಿಡುವಾದಾಗ ಓದ್ಕೊಂಡ್ರಾಯ್ತು.”

“ಅಪ್ಪಾ, ಯು ಹ್ಯಾವಂಟ್ ರೆಡ್ ಎನಿ ಆಫ್ ಇಟ್.”

ಅದು ನಿಜ. ಬೈಯಲಿಕ್ಕಾದರೂ ಓದಿರಬೇಕಲ್ಲ ಎಂದು ಅವಳ ಜೆರಾಕ್ಸ್ ಹಾಳೆಗಳನ್ನು ಹಿಡಿದು ಕೂತೆ. ಯಹೂದಿಗಳ ಒಂದು ಗ್ರಂಥವನ್ನು ಉಳಿದ ಹೆಚ್ಚಿನವರು ಕೈಬಿಟ್ಟರೂ ಇಥಿಯೋಪಿಯಾದ ಕ್ರೈಸ್ತರು ತಮ್ಮ ಬೈಬಲ್ಲಿನಲ್ಲೇ ಇಟ್ಟುಕೊಂಡು ಕಾಪಾಡಿದ್ದಾರೆ. ಅಂದರೆ ಪವಿತ್ರಗ್ರಂಥಗಳ ಪಟ್ಟಿಯೂ ಒಂದಲ್ಲ, ಊರಿಗೊಂದು ಸಿಲಬಸ್. ಇನ್ನೊಂದು ಕಥೆಯಲ್ಲಿ ಐದು ವರ್ಷದ ಯೇಸು ಕೆಲಸ ಮಾಡಬಾರದ ಸಬ್ಬತ್ ದಿನ ಹಳ್ಳದ ದಡದಲ್ಲಿ ಮಣ್ಣಿನ ಗುಬ್ಬಚ್ಚಿಗಳನ್ನು ಮಾಡುತ್ತಾನೆ. ಯಾರೋ ಹೋಗಿ ಚಾಡಿ ಹೇಳುತ್ತಾರೆ. ತಂದೆ ಬಂದು ಗದರುತ್ತಾನೆ. ಹುಡುಗ ಚಪ್ಪಾಳೆ ತಟ್ಟುತ್ತಾನೆ, ಗುಬ್ಬಚ್ಚಿಗಳು ಹಾರಿಹೋಗುತ್ತವೆ. ಚೆನ್ನಾಗಿದೆ ಅನ್ನಿಸಿತು. ಹಾಳೆಗಳನ್ನು ಮೊದಲಿದ್ದಂತೆಯೇ ಜೋಡಿಸಿಟ್ಟೆ.

ಭಾನುವಾರ ಮಧ್ಯಾಹ್ನ ಅವಳು ಕಪಾಟಿನಿಂದ ನನ್ನ ಹಳೆಯ ಲೋಹಶಾಸ್ತ್ರದ ಪುಸ್ತಕ ತೆಗೆದು, ಪೆನ್ಸಿಲ್ಲಿನಲ್ಲಿ ಬರೆದಿದ್ದ ಪುಟ ಬಿಚ್ಚಿ ಮುಂದಿಟ್ಟಳು. ಶನಿವಾರದ ಕನ್ನಡ ಕ್ಲಾಸಿನಲ್ಲಿ ಕಲಿತ ಅಕ್ಷರಗಳನ್ನು ಒಂದೊಂದೇ ಕೂಡಿಸಿ “ಬ... ರ... ಲ್ಲ” ಎಂದು ಓದಿದಳು. “ವಾಟ್ಸ್ ದಿಸ್?”

ಬಗ್ಗಿ ನೋಡಿದೆ. ಬಿಸಿಯಲ್ಲಿ ಎಳೆತಕ್ಕೆ ಸಿಕ್ಕಿದ ಲೋಹ ವರ್ಷಗಟ್ಟಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಉದ್ದವಾಗುವುದರ ಬಗೆಗಿನ ಅಧ್ಯಾಯ. ಹದಿನೆಂಟು ವರ್ಷದಿಂದ ನಾನು ಡರ್ಬಿಯ ಕಾರ್ಖಾನೆಗೆ ಕಾರು ಓಡಿಸಿಕೊಂಡು ಹೋಗುವುದು ಇದೊಂದಕ್ಕಾಗಿ: ವಿಮಾನದ ಎಂಜಿನ್ನಿನೊಳಗೆ ತಿರುಗುವ ರೆಕ್ಕೆಗಳು ಹೀಗೆ ಎಷ್ಟು ಬೆಳೆದಾವು ಎಂದು ಲೆಕ್ಕ ಹಾಕುವುದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇದು ಗೊತ್ತಿಲ್ಲ ಎಂದು ಯಾರಿಗೂ ತೋರಿಸಿಕೊಳ್ಳದೆ, ಊಟದ ಬಿಡುವಿನಲ್ಲಿ ಒಬ್ಬನೇ ಕಲಿತಿದ್ದೆ. ಈ ಮನೆ, ಈ ಮಾರ್ಟ್‌ಗೇಜು, ಆ ಪದವಿಪತ್ರ ತೂಗುವ ಗೋಡೆ, ಎಲ್ಲ ನಿಂತಿರುವುದು ಪರೀಕ್ಷೆಗೆ ಬಾರದ ಅಧ್ಯಾಯದ ಮೇಲೆ.

“ಇಸಂಟ್ ದಿಸ್ ಯುವರ್ ಜಾಬ್, ಅಪ್ಪಾ?”

“ಹೂಂ,” ಎಂದೆ.

“ಯಾರು ಬರ್ದಿದ್ದು ಬರಲ್ಲ ಅಂತ?”

ಯಾರೆಂದು ನನಗೂ ಗೊತ್ತಿಲ್ಲ. ಪರೀಕ್ಷೆ ಪಾಸಾಗಲು ಅವಸರದಲ್ಲಿದ್ದ ಒಬ್ಬ ಹುಡುಗ. ಅವನ ಮಾತು ನಂಬಿ ನಾನು ಪಾಸಾದೆ, ಸುಳ್ಳೇಕೆ ಹೇಳಲಿ. ಆದರೆ ಅದೇ ಪೆನ್ಸಿಲ್ಲು ಹಿಡಿದುಕೊಂಡು ಒಂದು ವಾರದಿಂದ ಮಗಳ ಹಿಂದೆ ಓಡಾಡುತ್ತಿದ್ದೆನಲ್ಲ!

“ಕಳಿಸಮ್ಮ ಅರ್ಜಿ,” ಎಂದೆ.

“ಥಿಯಾಲಜಿ? ಆರ್ ಯು ಶ್ಯೂರ್?”

“ನಾನು ಲಾ ಅಂದಿದ್ದನ್ನ ಮರ್ತು ಬೇಗ ಕಳಿಸು.”

ಅವಳು ಲ್ಯಾಪ್‌ಟಾಪ್ ತರಲು ಮೆಟ್ಟಿಲು ಹತ್ತಿ ಓಡಿದಳು. ಗುಬ್ಬಚ್ಚಿಗಳು ಹಾರಿದ ಮೇಲೆ ಆ ತಂದೆ ಏನಂದನೋ ಎಂದು ಜೆರಾಕ್ಸ್ ಹಾಳೆಯಲ್ಲಿ ಮತ್ತೆ ಹುಡುಕಿದೆ. ಅಲ್ಲಿ ಬರೆದಿಲ್ಲ. ಬಹುಶಃ ಅವನೂ ನನ್ನ ಹಾಗೆ ಗದರಿದ್ದನ್ನು ಮರೆತವನಂತೆ ಮೆಲ್ಲಗೆ ಮನೆಯ ಕಡೆ ನಡೆದಿರಬೇಕು. ನಾನು ಟೀಗೆ ನೀರಿಟ್ಟೆ.