ಪಾದವಿರುವ ಅಕ್ಷರಗಳು
ಲಿವರ್‌ಪೂಲಿನಲ್ಲಿರುವ ನಮ್ಮ ಸಂಘದ ಇಂಗ್ಲಿಷ್ ಮಾಸಪತ್ರಿಕೆ ತಯಾರಾಗುವುದು ಬೊನಿಫಾಸ್ ಅಂಕಲ್ ಕೈಯಲ್ಲಿ. ಮಂಗಳೂರಿನ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಅವರಿಗೆ, ಮಗಳ ಪೆಂಟಿಯಂ ಕಂಪ್ಯೂಟರಿನಲ್ಲಿರುವ ನೂರಾರು ಫಾಂಟುಗಳ ಪೈಕಿ ಟೈಮ್ಸ್ ಒಂದೇ ಮರ್ಯಾದಸ್ಥ. ಅದರ ಅಕ್ಷರಗಳ ಬುಡದಲ್ಲಿ ಪುಟ್ಟ ಪಾದಗಳಿವೆ. “ಪಾದ ಇಲ್ಲದ ಅಕ್ಷರ ಗೆರೆ ಮೇಲೆ ನಿಲ್ಲುವುದು ಹೇಗೆ ಮಾರಾಯ್ರೆ?” ಎಂಬುದು ಅವರ ಖಾಯಂ ಪ್ರಶ್ನೆ. ಮದುವೆಯ ಕಾಗದ, ಮರಣದ ಸೂಚನೆ, ಹೌಸಿ ಆಟದ ನೋಟೀಸು, ಎಲ್ಲಕ್ಕೂ ಟೈಮ್ಸೇ. ನನ್ನ ಮಗನ ಬರ್ತ್‌ಡೇ ಕಾರ್ಡಿನಲ್ಲಿ ಕುಣಿಯುವ ಅಕ್ಷರ ಕಂಡು ಅಂಕಲ್ ಕೇಕು ಸಹ ಮುಟ್ಟಲಿಲ್ಲ. ಅಂಥವರ ಮನೆಗೆ ಈ ತಿಂಗಳ ಪ್ರೂಫ್ ತರಲು ಹೋದರೆ, ಪುಟಗಳ ತುಂಬ ಪಾದವೇ ಇಲ್ಲದ ದಪ್ಪ, ದೊಡ್ಡ ಅಕ್ಷರ! “ಏನ್ ಅಂಕಲ್, ಪಾರ್ಟಿ ಚೇಂಜ್ ಮಾಡಿದ್ರಾ?” ಎಂದು ರೇಗಿಸಿದೆ. ಅವರು ನಗಲಿಲ್ಲ. “ಎಮಿಲಿಯಾನಾಳಿಗೆ ಕಣ್ಣು ಮಂಜಾಗಿದೆ. ಪಾದಗಳೆಲ್ಲ ಒಂದಕ್ಕೊಂದು ತೊಡರಿದ ಹಾಗೆ ಕಾಣ್ತದಂತೆ. ಮದುವೆ ಆದಾಗಿನಿಂದ ನನ್ನ ಪ್ರೂಫ್ ಓದುವುದು ಅವಳೇ ಅಲ್ವಾ?” ಎಂದರು. ಅಷ್ಟರಲ್ಲಿ ಒಳಗಿನಿಂದ ಆಂಟಿ, “ಮೂರನೇ ಪೇಜಲ್ಲಿ ಫಾದರ್ ಹೆಸರು ಎರಡು ಸಲ ಬಂದಿದೆ!” ಎಂದು ಗದರಿದರು. ತಪ್ಪು ತೋರಿಸಿದರೆ ಸಿಡುಕುವ ಅಂಕಲ್, ಹಬ್ಬದ ಮುಖ ಮಾಡಿಕೊಂಡು ಒಳಗೆ ಓಡಿದರು.