ಕುದುರೆ ಗಾಡಿಗೆ ಒಳಬಾಗಿಲು

ನಂಜನಗೂಡಿನಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿ, ತಾಂಡವಪುರಕ್ಕೆ ಸ್ವಲ್ಪ ಮುಂಚೆ, ತೊಂಬತ್ತರ ದಶಕದ ಕೊನೆಯಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇತ್ತು. ಕಿಟಕಿಗೆ ಗ್ರಿಲ್, ಮನೆಗೆ ಗೇಟು, ಟ್ರ್ಯಾಕ್ಟರ್ ಟ್ರೈಲರಿಗೆ ಪಕ್ಕದ ತಗಡು, ಇಷ್ಟೇ ನನಗೆ ಗೊತ್ತಿದ್ದ ಕೆಲಸ. ಟ್ರೈಲರ್ ಎಂದರೆ ಕಬ್ಬೋ ಹುಲ್ಲೋ ಹೇರುವ ವಸ್ತು ಎಂದೇ ತಿಳಿದಿದ್ದೆ. ಒಂದು ಬೆಳಿಗ್ಗೆ ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಬಾಡಿಗೆ ಜೀಪಿನ ಹಿಂದೆ ಎತ್ತರದ ತಗಡಿನ ಪೆಟ್ಟಿಗೆಯೊಂದನ್ನು ಕಟ್ಟಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಐಸ್‌ಕ್ಯಾಂಡಿಯವರ ಗಾಡಿ ಇವರಿಗೆಲ್ಲಿ ಸಿಕ್ಕಿತು ಅಂದುಕೊಂಡೆ.

"ಕುದ್ರೆ ಗಾಡಿ ಕಣಪ್ಪ," ಎಂದರು.

"ಕುದುರೆ ಎಲ್ಲಿ ಕಟ್ಟೋದು ಮಾವ? ಮುಂದೆ ಜೀಪಿದೆಯಲ್ಲ?"

"ಕಟ್ಟೋದಲ್ಲ. ಕುದ್ರೆ ಒಳಿಕೆ ನಿಂತ್ಕತದೆ. ಜೀಪು ಎಳ್ಕಂಡೋಯ್ತದೆ."

ಮಾವ ಟಿ. ನರಸೀಪುರದವರು. ಆಯುಷ್ಯದ ಬಹುಪಾಲು ಜಟಕಾ ಓಡಿಸಿದವರು. ಆಟೋಗಳು ಬಂದ ಮೇಲೆ ಜಟಕಾ ಹಿತ್ತಲು ಸೇರಿತು. ಆದರೆ ಬಿಳಿಯ ಹೆಣ್ಣುಕುದುರೆಯನ್ನು ಅವರು ಮಾರಲಿಲ್ಲ. ಅದಕ್ಕೆ ಜರಿಯ ಬಟ್ಟೆ ಹೊದಿಸಿ ಮದುವೆ ಮೆರವಣಿಗೆಗೆ ಒಯ್ಯತೊಡಗಿದರು. ಸೋಮನಾಥಪುರದ ಕಡೆಯ ಊರುಗಳಿಗೆ ನಡೆಸಿಕೊಂಡೇ ಹೋಗುತ್ತಿದ್ದರು. ನಂಜನಗೂಡು, ಬಿಳಿಗೆರೆಯವರು ಕೂಡ ಕೇಳಲು ಶುರುಮಾಡಿದಾಗ ಲಾರಿಗಳ ನಡುವೆ ಅಷ್ಟು ದೂರ ನಡೆಸುವುದು ಆಗದಾಯಿತು. ಮೈಸೂರಿನಲ್ಲಿ ಕುದುರೆ ಸಾಕುತ್ತಿದ್ದ ಯಾರೋ ತಮ್ಮ ಹಳೆಯ ಗಾಡಿಯನ್ನು ಇವರಿಗೆ ಕೊಟ್ಟರಂತೆ. ಇಷ್ಟು ಕಾಲ ಎಳೆದದ್ದು ಕುದುರೆ. ಈಗ ಅದನ್ನು ಎಳೆಯಲು ಇನ್ನೊಂದು ಗಾಡಿ. ಇದನ್ನು ಅರಗಿಸಿಕೊಳ್ಳುವುದೇ ನನಗೆ ಕಷ್ಟವಾಯಿತು.

ಒಳಗೆ ಹತ್ತಿ ನೋಡಿದೆ. ತಗಡಿನ ನಡುಗೋಡೆಯೊಂದು ಗಾಡಿಯನ್ನು ಎರಡು ಭಾಗ ಮಾಡಿತ್ತು. ಮುಂದಿನದು ಚಿಕ್ಕ ಕೋಣೆ, ಹುರುಳಿ ಚೀಲಕ್ಕೂ ಜೀನಿಗೂ. ಅದಕ್ಕೆ ಬೀದಿಯ ಬದಿಗೆ ಅದರದೇ ಬಾಗಿಲು. ಹಿಂದಿನದು ಕುದುರೆ ನಿಲ್ಲುವ ಜಾಗ. ಹಿಂಬದಿಯ ಹಲಗೆ ಇಳಿಸಿದರೆ ಅದೇ ಇಳಿಜಾರು. ಕುದುರೆಯನ್ನು ಹಿಡಿದು ಮನುಷ್ಯ ಮೊದಲು ಹತ್ತಬೇಕು, ಅದು ಹಿಂಬಾಲಿಸಬೇಕು. ಅದು ಒಳಬಂದ ಮೇಲೆ ಅದರ ಮೂತಿಗೂ ನಡುಗೋಡೆಗೂ ನಡುವೆ ಮನುಷ್ಯ ಸಿಕ್ಕಿಬೀಳುತ್ತಾನೆ. ಹೊರಬರಬೇಕಾದರೆ ಕುದುರೆಯ ಹೊಟ್ಟೆಗೆ ಒರಗಿಕೊಂಡು ಹಿಂದಕ್ಕೆ ನುಸುಳಬೇಕು. ಹಾಗೆ ನುಸುಳುವಾಗ ಅದು ಒಮ್ಮೆ ಪಕ್ಕಕ್ಕೆ ವಾಲಿ ಮಾವನ ಮಂಡಿ ಊದಿಕೊಂಡಿತ್ತು.

"ನಡುಗ್ವಾಡೆಗೆ ಒಂದು ಬಾಗ್ಲು ಇಕ್ಕೊಡು. ನಾನು ಮುಂದಿಂದ್ಲೇ ಆಚೆಗೆ ಬತ್ತೀನಿ," ಎಂದರು.

ಜೊತೆಗೆ ಬಂದಿದ್ದ ಅತ್ತೆ, "ಬಾಗ್ಲು ಯಾವ ಕಡೀಕೆ ತಗೀತದೆ?" ಎಂದು ಕೇಳಿದರು. ಅಲ್ಲಿಂದ ಶುರುವಾಯಿತು. ಕುದುರೆಯ ಕಡೆಗೆ ತೆರೆದರೆ ಅದರ ತಲೆ ಅಡ್ಡ. ಮುಂದಿನ ಕೋಣೆಗೆ ತೆರೆದರೆ ಕುದುರೆಯೇ ಮೂತಿಯಿಂದ ತಳ್ಳಬಹುದು. ಮಾವ ಒಮ್ಮೆ ಆ ಕಡೆ ಅಂದರು, ಚಹಾ ಕುಡಿದು ಬಂದು ಈ ಕಡೆ ಅಂದರು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳಿಸಿ, ಮತ್ತೆ ಎಳೆದೆ. ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದರೆ ಅವಳು, "ಬಾಗಿಲು ಅಪ್ಪನಿಗೋ, ಕುದುರೆಗೋ?" ಎಂದು ಕೇಳಿದಳು. "ಅಪ್ಪನಿಗೆ" ಎಂದೆನಾದರೂ ಅಳತೆ ಹಾಕುವಾಗ ಕುದುರೆಯೇ ಕಣ್ಮುಂದೆ ಬರುತ್ತಿತ್ತು.

ತಗಡಿನ ಹಿಂದೆ ಓರೆಯಾಗಿ ಒಂದು ಪೈಪು ಹಾದುಹೋಗಿತ್ತು. ಅದನ್ನು ಕತ್ತರಿಸಿದರೆ ಗಾಡಿಯ ಮೈಯೇ ಸಡಿಲವಾಗುತ್ತದೆ. ಅದಕ್ಕೆ ಬಾಗಿಲನ್ನು ಒಂದು ಪಕ್ಕಕ್ಕೆ ಸರಿಸಿ, ಕೊನೆಗೆ ಮುಂದಿನ ಕೋಣೆಗೇ ತೆರೆಯುವ ಹಾಗೆ ಮಾಡಿ, ಸುತ್ತ ಚೌಕ ಪೈಪಿನ ಚೌಕಟ್ಟು ಕೂರಿಸಿದೆ. ಅಂಚು ಕುದುರೆಯ ಚರ್ಮಕ್ಕೆ ತಾಗದ ಹಾಗೆ ಹಳೆಯ ಟ್ಯೂಬು ಸೀಳಿ ಸುತ್ತಿದೆ. ನಡುಗೋಡೆಗೆ ತುಸು ಈಚೆ, ಕುದುರೆಯ ಎದೆಯ ಮಟ್ಟದಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ಕಂಬಿಯಿತ್ತು. "ಅದ ತಗದಾಕು, ನಂಗೆ ಬಗ್ಗಕ್ಕಾಗಲ್ಲ," ಎಂದರು ಮಾವ. ತೆಗೆದೆ. ಅದು ಯಾಕಿತ್ತೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬಿಳಿಗೆರೆಯಲ್ಲಿ ಮದುವೆ. ಬುದ್ಧನ ಪಟದ ಮುಂದೆ ಸರಳವಾಗಿ ಮಾಡುವವರು, ಆದರೆ ವರನನ್ನು ಕುದುರೆಯ ಮೇಲೆ ಊರ ಬೀದಿಯಲ್ಲಿ ಕರೆತರಬೇಕೆಂದು ಹುಡುಗನ ಅಜ್ಜಿಗೆ ಆಸೆಯಂತೆ. ಹೊರಡುವ ಬೆಳಿಗ್ಗೆ ನಾನೂ ಟಿ. ನರಸೀಪುರಕ್ಕೆ ಹೋಗಿದ್ದೆ. ಮೊದಲೆಲ್ಲ ಕತ್ತಲೆ ಪೆಟ್ಟಿಗೆ ಕಂಡು ಕಾಲೂರಿ ನಿಂತುಬಿಡುತ್ತಿದ್ದ ಕುದುರೆ ಅಂದು ಒಳಬಾಗಿಲು, ಅದರಾಚೆಯ ಬೀದಿ ಬಾಗಿಲು ಎರಡೂ ತೆರೆದಿದ್ದರಿಂದಲೋ ಏನೋ ಸಲೀಸಾಗಿ ಹತ್ತಿತು. ಮಾವ ಮುಂದೆ ಮುಂದೆ ನಡೆದು ಹೊಸ ಬಾಗಿಲಿನಿಂದ ಮುಂದಿನ ಕೋಣೆಗೆ ದಾಟಿದರು. ನನಗೆ ಸಮಾಧಾನವಾಯಿತು.

ಕುದುರೆಯೂ ಅವರ ಹಿಂದೆಯೇ ದಾಟಲು ಹೊರಟಿತು.

ತಲೆ ಹೋಯಿತು, ಕತ್ತು ಹೋಯಿತು, ಎದೆ ಚೌಕಟ್ಟಿಗೆ ಸಿಕ್ಕಿ ನಿಂತಿತು. ಗಾಡಿ ಒಮ್ಮೆ ಅಲುಗಿತು. ನಾನು ಹಿಂದಿನಿಂದ ಬಾಲದ ಹತ್ತಿರ ನಿಂತು, "ಮಾವ, ತಳ್ಳಿ," ಎಂದೆ. ಅವರು ಒಳಗಿಂದ, "ಎಲ್ಲಿಗ್ಲಾ ತಳ್ಳದು? ನಾನಿಲ್ಲಿ ಸಿಕ್ಕಾಕಂಡಿವ್ನಿ," ಎಂದರು. ಮುಂದಿನ ಕೋಣೆ ಪೂರ್ತಿ ಕುದುರೆಯ ತಲೆಯೇ ಆಗಿ, ಬೀದಿ ಬಾಗಿಲಿಗೂ ಅದೇ ಅಡ್ಡವಾಗಿ, ಅವರು ಮೂಲೆಯಲ್ಲಿ ಜೀನಿನ ಮೇಲೆ ಕೂತಿದ್ದರು. ಕುದುರೆ ಮಾತ್ರ ಗಾಬರಿಯಿಲ್ಲದೆ ಹುರುಳಿ ಚೀಲಕ್ಕೆ ಬಾಯಿ ಹಾಕಿತು. ಚೌಕಟ್ಟನ್ನು ಕತ್ತರಿಸೋಣವೆಂದರೆ ಕುದುರೆಯ ಮೈಗೆ ಕಿಡಿ ಬೀಳುತ್ತದೆ. ಎಳೆಯೋಣವೆಂದರೆ ಒದೆಯುತ್ತದೆ. ಏನೂ ತೋಚದೆ ಇಳಿಜಾರಿನ ಮೇಲೆ ನಿಂತೇ ಇದ್ದೆ.

ಅಷ್ಟರಲ್ಲಿ ಬೀದಿಯಲ್ಲಿ ಜನ ಸೇರಿದರು. ಅತ್ತೆಗೆ ನಾಚಿಕೆಯಾಯಿತು. "ಎಲ್ಲಾರೂ ನೋಡ್ತಾವ್ರೆ," ಎನ್ನುತ್ತ ಬೀದಿ ಬಾಗಿಲನ್ನು ಎಳೆದು ಮುಚ್ಚಿಬಿಟ್ಟರು. ಮುಂದಿನ ಕೋಣೆ ಕತ್ತಲಾಯಿತು. "ಏಯ್, ನಾನು ಒಳಗಿವ್ನಿ ಕಣೇ," ಎಂದು ಮಾವನ ದನಿ ಬಂತು. ಒಂದು ಗಳಿಗೆ ಕಳೆದು ಕುದುರೆ ತಾನೇ ಕತ್ತು ಹಿಂದಕ್ಕೆ ಎಳೆದುಕೊಂಡು, ಹೆಜ್ಜೆ ಹೆಜ್ಜೆಯಾಗಿ ನನ್ನ ಕಡೆಗೆ ಬಂತು. ನಾನು ಪಕ್ಕಕ್ಕೆ ಹಾರಿದೆ.

ಬೆಳಕು ಹಿಂದೆ ಕಂಡದ್ದರಿಂದ ಅದು ತಿರುಗಿ ಬಂತು ಎಂಬುದು ನನ್ನ ಊಹೆ. ತಾನು ಕಿವಿಯಲ್ಲಿ ಹೇಳಿದ್ದಕ್ಕೆ ಬಂತು ಎಂದು ಮಾವ. ಅದಕ್ಕೂ ನಾಚಿಕೆಯಾಯ್ತು ಎಂದು ಅತ್ತೆ. ಒಬ್ಬರ ಮಾತನ್ನೊಬ್ಬರು ಒಪ್ಪದೆಯೇ, ಕಂಬಿಯಿದ್ದ ಕಡೆ ಎದೆಯ ಮಟ್ಟಕ್ಕೆ ಒಂದು ದಪ್ಪ ಹಗ್ಗ ಬಿಗಿದು ಬಿಳಿಗೆರೆಗೆ ಹೊರಟೆವು. ತಡವಾಗಿಯೇ ತಲುಪಿದೆವು. ವರ ಕುದುರೆ ಏರಿ ಇಡೀ ಬೀದಿ ಬಂದ. ಅಜ್ಜಿ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತು ನೋಡಿದರು. ಮಾವ ಲಗಾಮು ಹಿಡಿದು ಕುಂಟುತ್ತಲೇ ನಡೆದರು.

ಮರುವಾರ ಕಂಬಿಯನ್ನು ಮತ್ತೆ ಹಾಕಿದೆ, ಈ ಸಲ ಒಂದು ತುದಿಗೆ ತಿರುಗುವ ಕೀಲು, ಇನ್ನೊಂದು ತುದಿಗೆ ಹಾಕಿ ತೆಗೆಯುವ ಮೊಳೆ. ಮನುಷ್ಯ ಬಗ್ಗದೆ ದಾಟಿ, ಹಿಂದೆ ಅದನ್ನು ಅಡ್ಡ ಎಳೆದುಕೊಳ್ಳಬಹುದು. ಕುದುರೆ ಅಲ್ಲಿಗೆ ನಿಲ್ಲುತ್ತಿತ್ತು. ಕೆಲಸ ಮುಗಿಯಿತೆಂದುಕೊಂಡೆ.

ಕೆಲವು ತಿಂಗಳ ಮೇಲೆ ಅವರ ಗಾಡಿ ನನ್ನ ಶೆಡ್ಡಿನ ಮುಂದೆ ನೀರಿಗೆಂದು ನಿಂತಿತು. ಜೀಪಿನಲ್ಲಿ ಡ್ರೈವರ್ ಒಬ್ಬನೇ ಇದ್ದ. "ಮಾವ ಎಲ್ಲಿ?" ಎಂದೆ. "ಇಂದೆ ಅವ್ರೆ ಸಾ. ಯಾವಾಗ್ಲೂ ಅಲ್ಲೇ ಕುಂತ್ಕತಾರೆ," ಎಂದ. ಬೀದಿ ಬಾಗಿಲು ತೆಗೆದರೆ ಮಾವ ಹುರುಳಿ ಚೀಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಒಳಬಾಗಿಲು ಹಾರುಹೊಡೆದಿದೆ. ಕುದುರೆ ಕಂಬಿಯ ಮೇಲಿಂದ ಕತ್ತು ಚಾಚಿ ಅವರ ಭುಜದ ಹತ್ತಿರ ಮೂತಿ ಇಟ್ಟಿದೆ.

"ಬ್ರೇಕ್ ಹಾಕಿದ್ರೆ ಏನು ಗತಿ ಮಾವ? ಇದು ಕೂರೋ ಜಾಗ ಅಲ್ಲ."

"ಒಂಟಿಯಾಗಿದ್ರೆ ಎದರ್ಕತದೆ ಕಣಪ್ಪ."

"ಮೊದಲು ಮಂಡಿ ಅಂದ್ರಿ?"

"ಮಂಡೀನೂ ಸೈ. ಜೀಪಲ್ಲಿ ಕಾಲು ಚಾಚಕ್ಕಾಗಲ್ಲ."

ಅತ್ತೆಯನ್ನು ಕೇಳಿದರೆ ಅವರದು ಇನ್ನೊಂದು. "ಇನ್ನೊಬ್ರು ಓಡ್ಸೋ ಗಾಡಿಲಿ ಮುಂದ್ಗಡೆ ಕೂರಕ್ಕೆ ಅವ್ರಿಗೆ ಆಗಾಕಿಲ್ಲ. ಕೈ ಸುಮ್ಕಿರಲ್ಲ." ಹಾಗಾದರೆ ಬಾಗಿಲು ಮಾಡಿಸಿದ್ದು ಹೊರಬರುವುದಕ್ಕೋ, ಒಳಗೇ ಉಳಿಯುವುದಕ್ಕೋ? ನಾನು ಮಾವನನ್ನು ನೇರವಾಗಿ ಕೇಳಿದೆ. ಅವರು ನಕ್ಕು, "ಬಾಗ್ಲು ಅಂದ್ಮೇಲೆ ಎರಡೂ," ಎಂದರು. ಅಪಾಯ ಎಂದು ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿ, ಬಾಗಿಲು ಎಳೆದುಕೊಂಡರು.

ಕುದುರೆ ವಯಸ್ಸಾಗಿ, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಸತ್ತಿತು. ಸೋಮನಾಥಪುರದ ಕಡೆ ನೆಂಟರ ಹೊಲದ ಬದುವಿನಲ್ಲಿ ಹೂತರು. ಆಮೇಲೆ ಮಾವ ಇನ್ನೊಂದು ಕುದುರೆ ತರಲಿಲ್ಲ. ಗಾಡಿ ಹಿತ್ತಲಿನಲ್ಲಿ ನಿಂತಿತು. ಅತ್ತೆ ಅದರಲ್ಲಿ ತೆಂಗಿನ ಮಟ್ಟೆ, ಸೌದೆ ತುಂಬಿದರು. ಒಮ್ಮೆ ನಾನು ಹೋದಾಗ, ಈ ಒಳಬಾಗಿಲು ಎಷ್ಟು ಅನುಕೂಲ, ಮಳೆಯಲ್ಲೂ ಮುಂದಿನಿಂದಲೇ ಸೌದೆ ತೆಗೆಯಬಹುದು, ನೀನು ಒಳ್ಳೆ ಯೋಚನೆ ಮಾಡಿ ಹಾಕಿಕೊಟ್ಟೆ ಎಂದು ಹೊಗಳಿದರು. ಮಾವ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದರು. ನಾನು ಅವರ ಮುಖ ನೋಡಿ, ಅತ್ತೆಗೆ ಹೌದೆಂದು ತಲೆಯಾಡಿಸಿದೆ.